ಮೀನಿನ ತೊಟ್ಟಿಯ ಸೋಸುಕದಲ್ಲಿ ಏನನ್ನು ತುಂಬಬೇಕು?



ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿಯಿಂದ ಕೆಂಗೇರಿಯ ಕಡೆಗೆ ಬಸ್ಸಿನಲ್ಲಿ ಹೋಗುವವರಿಗೆ ವೃಷಭಾವತಿ ನದಿ ಮೊದಲು ಮೂಗಿಗೆ ಪರಿಚಯವಾಗುತ್ತದೆ, ಆಮೇಲೆ ಕಣ್ಣಿಗೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಬಚ್ಚಲು ನೀರೂ ಕೊಳಚೆ ನೀರೂ ಇಳಿದು ಬರುವುದು ಈ ನದಿಯ ಕಣಿವೆಗೇ. ಆ ನೀರನ್ನು ಶುದ್ಧಿ ಮಾಡಲೆಂದು ಬೆಂಗಳೂರು ಜಲಮಂಡಲಿಯು ಇದೇ ಕಣಿವೆಯಲ್ಲಿ ಕಟ್ಟಿದ ದೊಡ್ಡ ಸ್ಥಾವರಕ್ಕೆ ದಿನಕ್ಕೆ 18 ಕೋಟಿ ಲೀಟರಿನ ಸಾಮರ್ಥ್ಯವಿತ್ತು. ಅದು ಅನುಸರಿಸಿದ್ದು 'ಟ್ರಿಕ್ಲಿಂಗ್ ಫಿಲ್ಟರ್' ಎಂಬ ಪದ್ಧತಿಯನ್ನು.

ಈ ಪದ್ಧತಿಯ ಸಾಂಪ್ರದಾಯಿಕ ರೂಪ ಬಹಳ ಸರಳ. ಒಂದು ದೊಡ್ಡ ದುಂಡನೆಯ ತೊಟ್ಟಿ. ಅದರ ತುಂಬ ಮುಷ್ಟಿಗಾತ್ರದ ಕಲ್ಲುಗಳು. ಮೇಲೆ ನಿಧಾನವಾಗಿ ಸುತ್ತುವ ಕೊಳವೆಗಳು ಕೊಳಚೆ ನೀರನ್ನು ಕಲ್ಲುಗಳ ಮೇಲೆ ಚಿಮುಕಿಸುತ್ತಿರುತ್ತವೆ. ನೀರು ಕಲ್ಲಿನಿಂದ ಕಲ್ಲಿಗೆ ಜಾರಿ ತೊಟ್ಟಿಕ್ಕುತ್ತಾ ಕೆಳಗಿಳಿಯುತ್ತದೆ. ಇದನ್ನು ನೋಡಿದ ಯಾರಿಗಾದರೂ ಒಂದು ಸಂದೇಹ ಬಂದೇ ಬರುತ್ತದೆ. ಆ ಕಲ್ಲುಗಳ ನಡುವಿನ ಸಂದಿಯಲ್ಲಿ ಬೆರಳು ತೂರುತ್ತದೆ. ಅಂಥ ಜರಡಿ ಏನನ್ನು ತಾನೆ ಸೋಸೀತು?

ಏನನ್ನೂ ಸೋಸುವುದಿಲ್ಲ. ಆದರೆ ಕಲ್ಲಿನ ಮೇಲೆ ಕೈಯಾಡಿಸಿದರೆ ಜಾರುವ ಲೋಳೆ ಸಿಗುತ್ತದೆ. ಆ ಲೋಳೆ ಕೋಟಿ ಕೋಟಿ ಬ್ಯಾಕ್ಟೀರಿಯಗಳ ವಠಾರ. ಕೆಲಸ ಮಾಡುವವು ಅವು. ಕಲ್ಲು ಅವುಗಳಿಗೆ ಮನೆ ಮಾತ್ರ. ನಿಮ್ಮ ಮನೆಯ ಗಾಜಿನ ತೊಟ್ಟಿಯ ಸೋಸುಕದಲ್ಲಿರುವ ಸ್ಪಂಜು, ಪಿಂಗಾಣಿ ಉಂಗುರ, ಪ್ಲಾಸ್ಟಿಕ್ ಚೆಂಡು ಇವೆಲ್ಲ ಇಂಥ ಮನೆಗಳೇ. ಇವುಗಳನ್ನು ಒಟ್ಟಾಗಿ 'ಜೈವಿಕ ಮಾಧ್ಯಮ' ಎನ್ನುತ್ತಾರೆ. ಅಂಗಡಿಯಲ್ಲಿ 'ಫಿಲ್ಟರ್ ಮೀಡಿಯಾ' ಎಂದು ಕೇಳಿದರೆ ಹತ್ತಾರು ಬಗೆಯ ಪೊಟ್ಟಣಗಳನ್ನು ಮುಂದಿಡುತ್ತಾರೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು ಎನ್ನುವುದು ಇವತ್ತಿನ ವಿಷಯ. ತೊಟ್ಟಿ ತಂದ ಎರಡನೆಯ ವಾರದಲ್ಲಿ ಮೀನುಗಳು ಒಂದೊಂದಾಗಿ ಸಾಯುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ನೀರು ಕನ್ನಡಿಯಂತಿರುತ್ತದೆ, ಮೀನಿಗೆ ರೋಗದ ಗುರುತಿರುವುದಿಲ್ಲ, ಆದರೂ ಸಾಯುತ್ತದೆ. ಕಾರಣ ಬಹುಪಾಲು ಈ ಮನೆಗೆ ಇನ್ನೂ ಒಕ್ಕಲು ಬಾರದಿರುವುದು.

ಮೊದಲು ಶತ್ರುವಿನ ಪರಿಚಯ. ನಾವು ದೇಹದ ಸಾರಜನಕದ ಕಸವನ್ನು ಯೂರಿಯವಾಗಿ ಮಾರ್ಪಡಿಸಿ ಮೂತ್ರದಲ್ಲಿ ಹೊರಹಾಕುತ್ತೇವೆ. ಮೀನಿಗೆ ಸುತ್ತಲೂ ನೀರಿರುವುದರಿಂದ ಅಷ್ಟು ಶ್ರಮ ಬೇಡ. ಅದು ಅಮೋನಿಯವನ್ನು ಹಾಗೆಯೇ ಕಿವಿರುಗಳ ಮೂಲಕ ಬಿಟ್ಟುಬಿಡುತ್ತದೆ. ಕೆರೆಯಲ್ಲಿ ಇದು ನಡೆದೀತು. ಎರಡಡಿ ಉದ್ದದ ತೊಟ್ಟಿಯಲ್ಲಿ? ಲೆಕ್ಕ ಹಾಕೋಣ. ಮೀನಿನ ಆಹಾರದಲ್ಲಿ ನೂರಕ್ಕೆ 40 ಭಾಗ ಪ್ರೋಟೀನು ಎಂದಿಟ್ಟುಕೊಳ್ಳಿ. ಪ್ರೋಟೀನಿನಲ್ಲಿ ನೂರಕ್ಕೆ 16 ಭಾಗ ಸಾರಜನಕ. ಎಂದರೆ ದಿನಕ್ಕೆ ಒಂದು ಗ್ರಾಂ ಆಹಾರ ಹಾಕಿದರೆ 64 ಮಿಲಿಗ್ರಾಂ ಸಾರಜನಕ ತೊಟ್ಟಿಗೆ ಇಳಿಯಿತು. ಅದರಲ್ಲಿ ಸುಮಾರು ಅರ್ಧ, 30 ಮಿಲಿಗ್ರಾಮಿನಷ್ಟು, ಅಮೋನಿಯವಾಗಿ ಹೊರಬರುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹೆಚ್ಚುಕಡಿಮೆ 50 ಲೀಟರು ನೀರು. ಹಾಗಾದರೆ ದಿನಕ್ಕೆ ಲೀಟರಿಗೆ 0.6 ಮಿಲಿಗ್ರಾಂ, ಒಂದು ವಾರಕ್ಕೆ 4 ಮಿಲಿಗ್ರಾಂ ದಾಟುತ್ತದೆ. ಮೀನಿನ ಕಿವಿರು ಸುಡಲು ಇಷ್ಟು ಬೇಕಾದಷ್ಟಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ಅಮೋನಿಯ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ: ಒಂದು ಅಷ್ಟಾಗಿ ಬಾಧಿಸದ ಅಮೋನಿಯಂ ಅಯಾನು, ಇನ್ನೊಂದು ವಿಷಕಾರಿಯಾದ ಸ್ವತಂತ್ರ ಅಮೋನಿಯ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಪಿಎಚ್ 7 ಇದ್ದರೆ ವಿಷರೂಪದ ಪಾಲು ನೂರಕ್ಕೆ ಅರ್ಧ ಭಾಗದಷ್ಟು. ಪಿಎಚ್ 8 ಆದರೆ ನೂರಕ್ಕೆ 5 ಭಾಗಕ್ಕೂ ಮೇಲು. ಅದೇ ಮೀನು, ಅದೇ ಆಹಾರ, ವಿಷ ಮಾತ್ರ ಹತ್ತು ಪಟ್ಟು ಹೆಚ್ಚು. ಆದ್ದರಿಂದ ಪಿಎಚ್ ಹೆಚ್ಚಿರುವ ನೀರು ಬಳಸುವವರ ಮನೆಯಲ್ಲಿ ಸೋಸುಕ ಇನ್ನಷ್ಟು ಚುರುಕಾಗಿರಬೇಕು.

ಈ ಅಮೋನಿಯವನ್ನು ಒಂದು ಗುಂಪಿನ ಸೂಕ್ಷ್ಮಜೀವಿಗಳು ನೈಟ್ರೈಟಾಗಿಯೂ ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟಾಗಿಯೂ ಮಾಡುತ್ತವೆ. ನೈಟ್ರೈಟು ಕೂಡ ವಿಷವೇ. ಅದು ಮೀನಿನ ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನು ಕಿತ್ತುಕೊಳ್ಳುತ್ತದೆ, ರಕ್ತ ಕಂದಾಗುತ್ತದೆ. ನೈಟ್ರೇಟು ಬಹುಮಟ್ಟಿಗೆ ಸಾಧು. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೂಕುಂಡಕ್ಕೆ ಹಾಕಿದರೆ ಗಿಡಕ್ಕೂ ಸಂತೋಷ.

ಇದು ಜೀವಿಗಳ ಕೆಲಸವೆಂದು ಜಗತ್ತಿಗೆ ತೋರಿಸಿಕೊಟ್ಟ ಪ್ರಯೋಗವನ್ನು ಪ್ರತಿಯೊಬ್ಬ ಮೀನು ಸಾಕುವವನೂ ತಿಳಿದಿರಬೇಕು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಮರಳು ಮತ್ತು ಸುಣ್ಣಕಲ್ಲು ತುಂಬಿದ ಉದ್ದನೆಯ ಕೊಳವೆಯ ಮೂಲಕ ಕೊಳಚೆ ನೀರನ್ನು ಮೆಲ್ಲಗೆ ಹಾಯಿಸಿದರು. 20 ದಿನ ಏನೂ ಆಗಲಿಲ್ಲ. ಮೇಲೆ ಸುರಿದ ಅಮೋನಿಯ ಕೆಳಗೆ ಹಾಗೆಯೇ ಬಂತು. ಆಮೇಲೆ ನೈಟ್ರೇಟು ಕಾಣಿಸಿಕೊಂಡಿತು, ಅಮೋನಿಯ ಮಾಯವಾಯಿತು. ಇದು ಮರಳಿನ ರಾಸಾಯನಿಕ ಗುಣವಾಗಿದ್ದರೆ 20 ದಿನ ಏಕೆ ಕಾಯಬೇಕಿತ್ತು? ಅವರು ಕೊಳವೆಯೊಳಕ್ಕೆ ಕ್ಲೋರೋಫಾರಂ ಆವಿ ಬಿಟ್ಟರು. ಕೆಲಸ ನಿಂತಿತು. ಕ್ಲೋರೋಫಾರಂ ತೆಗೆದು, ಹೊಸ ಮಣ್ಣು ಕದಡಿದ ನೀರನ್ನು ಸ್ವಲ್ಪ ಹಾಕಿದರು. ಕೆಲಸ ಮತ್ತೆ ಶುರುವಾಯಿತು. ನಿಮ್ಮ ತೊಟ್ಟಿಯ ಕಥೆಯೆಲ್ಲ ಈ ಕೊಳವೆಯಲ್ಲಿದೆ: ಒಕ್ಕಲು ಬರುವ ತನಕದ ಕಾಯುವಿಕೆ, ವಿಷ ಬಿದ್ದರೆ ಆಗುವ ಸರ್ವನಾಶ, ಹಳೆಯ ಕಡೆಯಿಂದ ಬೀಜ ತಂದರೆ ಮರುಹುಟ್ಟು.

ಈ ಬ್ಯಾಕ್ಟೀರಿಯಗಳನ್ನು ಪ್ರತ್ಯೇಕಿಸಿ ಬೆಳೆಸಿದ ಕೀರ್ತಿ ರಷ್ಯದ ವಿನೋಗ್ರಾಡ್‌ಸ್ಕಿಯವರದು, 1890ರಲ್ಲಿ. ಪಠ್ಯಪುಸ್ತಕಗಳಲ್ಲಿ ನೈಟ್ರೋಸೊಮೊನಾಸ್, ನೈಟ್ರೊಬ್ಯಾಕ್ಟರ್ ಎಂಬ ಎರಡು ಹೆಸರುಗಳನ್ನು ನೀವು ಓದಿರುತ್ತೀರಿ. ಅದು ಪೂರ್ತಿ ಚಿತ್ರವಲ್ಲ. ಮನೆಯ ತೊಟ್ಟಿಗಳಲ್ಲಿ ನೈಟ್ರೈಟನ್ನು ಉಣ್ಣುವುದು ಮುಖ್ಯವಾಗಿ ನೈಟ್ರೊಸ್ಪೈರ ಎಂಬ ಬೇರೊಂದು ಕುಲವೆಂದು 1998ರಲ್ಲಿ ಗೊತ್ತಾಯಿತು. 2015ರಲ್ಲಿ, ಅಮೋನಿಯದಿಂದ ನೈಟ್ರೇಟಿನವರೆಗಿನ ಎರಡೂ ಹಂತಗಳನ್ನು ಒಬ್ಬಂಟಿಯಾಗಿ ಮಾಡಬಲ್ಲ ನೈಟ್ರೊಸ್ಪೈರಗಳೂ ಪತ್ತೆಯಾದವು. ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವುದನ್ನೇ ಬರೆಯಿರಿ; ತಿಳಿವಳಿಕೆಗೆ ಇದನ್ನೂ ಇಟ್ಟುಕೊಳ್ಳಿ.

ನಮ್ಮ ಊರಿಗೂ ಈ ಚರಿತ್ರೆಯಲ್ಲಿ ಒಂದು ಪಾಲಿದೆ. ಕೊಳಚೆ ನೀರಿಗೆ ಗಾಳಿ ಊದಿ ಬ್ಯಾಕ್ಟೀರಿಯಗಳನ್ನು ನೀರಿನಲ್ಲೇ ತೇಲಿಸಿ ದುಡಿಸುವ ಇನ್ನೊಂದು ಪದ್ಧತಿ 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೂಪುಗೊಂಡಿತು. ಅದಕ್ಕೆ ಸೂಚನೆ ಕೊಟ್ಟ ಗಿಲ್ಬರ್ಟ್ ಫೌಲರ್ ಅವರು 1916ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಮಲ್ಲೇಶ್ವರದ ಆಚೆ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಆ ಆವರಣದ ಮುಂದೆ ಹಾದುಹೋಗುವಾಗ ನೆನಪಿಸಿಕೊಳ್ಳಿ.

ಈಗ ಮಾಧ್ಯಮದ ಆಯ್ಕೆಗೆ ಬರೋಣ. ಎಷ್ಟು ಜಾಗ ಬೇಕು? ಒಂದು ಚದರ ಮೀಟರಿನಷ್ಟು ಲೋಳೆಪದರ ದಿನಕ್ಕೆ 100 ಮಿಲಿಗ್ರಾಂ ಅಮೋನಿಯ-ಸಾರಜನಕವನ್ನು ಮುಗಿಸುತ್ತದೆ ಎಂದು ಕೈಬಿಗಿಹಿಡಿದೇ ಲೆಕ್ಕ ಹಾಕೋಣ. ಹಾಗಾದರೆ ನಮ್ಮ 30 ಮಿಲಿಗ್ರಾಮಿಗೆ ಚದರ ಮೀಟರಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಸಾಕು. ನೀವು ಆಡುವ ಗೋಲಿಯನ್ನೇ ತೆಗೆದುಕೊಳ್ಳಿ. ಒಂದೂವರೆ ಸೆಂಟಿಮೀಟರು ವ್ಯಾಸದ ಗೋಲಿಗಳು ಒಂದು ಲೀಟರು ಡಬ್ಬಿಯಲ್ಲಿ ಸುಮಾರು 340 ಹಿಡಿಯುತ್ತವೆ. ಒಂದೊಂದರ ಮೈ ಏಳು ಚದರ ಸೆಂಟಿಮೀಟರು. ಎಲ್ಲ ಸೇರಿ ಸುಮಾರು 2,400 ಚದರ ಸೆಂಟಿಮೀಟರು, ಎಂದರೆ 0.24 ಚದರ ಮೀಟರು. ಒಂದೂಕಾಲು ಲೀಟರು ಗೋಲಿಯೇ ಕೆಲಸ ಮುಗಿಸಿತು! ಗೋಲಿಯ ಬದಲು ಅರ್ಧ ಸೆಂಟಿಮೀಟರಿನ ಕಲ್ಲಾದರೆ ಅದೇ ಡಬ್ಬಿಯಲ್ಲಿ ಮೂರು ಪಟ್ಟು ಮೈ ಸಿಗುತ್ತದೆ. ಕಾಳು ಚಿಕ್ಕದಾದಷ್ಟೂ ಮೈ ಹೆಚ್ಚು. ಆದರೆ ಬಹಳ ಚಿಕ್ಕದಾದರೆ ಸಂದಿ ಕಟ್ಟಿಕೊಂಡು ನೀರೇ ಹರಿಯುವುದಿಲ್ಲ. ಮರಳು ತುಂಬಿದವರ ಗತಿ ಇದು.

ಜಾಣ ವಿದ್ಯಾರ್ಥಿ ಇಲ್ಲಿ ತಡೆದು ಕೇಳಬೇಕು: ತೊಟ್ಟಿಯ ಗಾಜಿನ ಒಳಮೈಯೇ ಮುಕ್ಕಾಲು ಚದರ ಮೀಟರಿನ ಹತ್ತಿರವಿದೆಯಲ್ಲ, ಸೋಸುಕವೇಕೆ? ಒಳ್ಳೆಯ ಪ್ರಶ್ನೆ. ಗಾಜಿನ ಮೇಲೂ ಬ್ಯಾಕ್ಟೀರಿಯ ಇದ್ದೇ ಇರುತ್ತವೆ. ಆದರೆ ಅಲ್ಲಿ ನೀರು ಸೋಮಾರಿಯಾಗಿ ನಿಂತಿರುತ್ತದೆ. ಅಮೋನಿಯವನ್ನೂ ಆಮ್ಲಜನಕವನ್ನೂ ಅವುಗಳ ಬಾಯಿಗೆ ತಂದು ಕೊಡುವವರಿಲ್ಲ. ಸೋಸುಕದಲ್ಲಿ ಪಂಪು ನೀರನ್ನು ಒಂದೊಂದು ಸಂದಿಗೂ ನುಗ್ಗಿಸುತ್ತದೆ. ಹಾಗಾಗಿ ಮಾಧ್ಯಮ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ 'ಎಷ್ಟು ಮೈ ಇದೆ' ಎಂದಲ್ಲ, 'ಹರಿಯುವ ನೀರು ಎಷ್ಟು ಮೈಯನ್ನು ಮುಟ್ಟುತ್ತದೆ' ಎಂದು.

ಈ ಪ್ರಶ್ನೆಯನ್ನು ಕೈಯಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಬೆಲೆಬಾಳುವ ಪಿಂಗಾಣಿ ಉಂಗುರ, ಗಾಜುಪುಡಿಯನ್ನು ಕಾಯಿಸಿ ಅಂಟಿಸಿದ ಕೊಳವೆ, ಇವುಗಳ ಪೊಟ್ಟಣದ ಮೇಲೆ ಲೀಟರಿಗೆ ನೂರಾರು ಚದರ ಮೀಟರು ಎಂದು ಅಚ್ಚಾಗಿರುತ್ತದೆ. ಸುಳ್ಳೆಂದು ಹೇಳಲಾರೆ. ಆದರೆ ಕಣ್ಣಿಗೆ ಕಾಣದ ನವಿರು ರಂಧ್ರಗಳ ಒಳಗೋಡೆಯನ್ನೂ ಸೇರಿಸಿ ಅಳೆದಾಗ ಮಾತ್ರ ಅಂಥ ಅಂಕಿ ಬರುತ್ತದೆ. ಬ್ಯಾಕ್ಟೀರಿಯ ಒಂದರ ಗಾತ್ರ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು. ಅದಕ್ಕಿಂತ ಕಿರಿದಾದ ರಂಧ್ರ ಅದರ ಪಾಲಿಗೆ ಮುಚ್ಚಿದ ಬಾಗಿಲು. ಹಿಡಿಸುವಷ್ಟು ದೊಡ್ಡದಿದ್ದರೂ, ರಂಧ್ರದ ಬಾಯಲ್ಲೇ ಲೋಳೆ ಬೆಳೆದು ಒಳಕ್ಕೆ ಆಮ್ಲಜನಕ ಹೋಗುವುದಿಲ್ಲ. ಉಂಗುರಗಳು ಕೆಟ್ಟವಲ್ಲ, ಚೆನ್ನಾಗಿಯೇ ಕೆಲಸ ಮಾಡುತ್ತವೆ; ಆದರೆ ಆ ನೂರಾರು ಚದರ ಮೀಟರಿಗೆಂದು ದುಡ್ಡು ಕೊಡಬೇಡಿ. ನಮಗೆ ಬೇಕಾದದ್ದು ಮೂರನೆಯ ಒಂದು ಭಾಗ ಎಂಬುದನ್ನು ಮರೆಯಬೇಡಿ.

ವಿದ್ಯಾರ್ಥಿಯ ಜೇಬಿಗೆ ನನ್ನ ಮೊದಲ ಶಿಫಾರಸು ಸ್ಪಂಜು ಸೋಸುಕ. ಗಾಳಿಪಂಪಿನ ಗುಳ್ಳೆಗಳು ಮೇಲೇಳುವಾಗ ನೀರನ್ನು ಸ್ಪಂಜಿನ ಮೂಲಕ ಎಳೆದುಕೊಳ್ಳುತ್ತವೆ. ಕಸವನ್ನೂ ಹಿಡಿಯುತ್ತದೆ, ಬ್ಯಾಕ್ಟೀರಿಯಕ್ಕೂ ಮನೆಯಾಗುತ್ತದೆ, ಮರಿಮೀನುಗಳನ್ನು ನುಂಗುವುದಿಲ್ಲ. ಕಣ್ಣಿಗೆ ಕಾಣುವಷ್ಟು ದಪ್ಪ ರಂಧ್ರಗಳ ಸ್ಪಂಜನ್ನೇ ಆರಿಸಿ. ಅಡುಗೆಮನೆಯ ಸ್ಪಂಜು ಬೇಡ. ಅದಕ್ಕೆ ಕ್ರಿಮಿನಾಶಕ ಹಾಕಿರುವುದುಂಟು. ತೊಟ್ಟಿಯ ತಳದಲ್ಲಿ ತೂತುಗಳ ತಟ್ಟೆಯಿಟ್ಟು ಮೇಲೆ ಕಲ್ಲು ಹರಡುವ ಹಳೆಯ ಪದ್ಧತಿಯೂ ಒಳ್ಳೆಯದೇ. ಆದರೆ ಕಲ್ಲಿನ ಕೆಳಗೆ ಕೂಡುವ ಕಸವನ್ನು ಕೊಳವೆಯಿಂದ ಎಳೆದು ತೆಗೆಯುವ ತಾಳ್ಮೆ ಬೇಕು.

ದುಡ್ಡೇ ಇಲ್ಲವೆ? ಒಡೆದ ಮಂಗಳೂರು ಹೆಂಚನ್ನು ಕಡಲೆಗಾತ್ರಕ್ಕೆ ಕುಟ್ಟಿ, ಪುಡಿ ತೊಳೆದು ಬಳಸಿ. ಪಿಂಗಾಣಿ ಉಂಗುರವೂ ಹೆಂಚೂ ಒಂದೇ ಕುಲ, ಸುಟ್ಟ ಜೇಡಿ. ಅರೆಬೆಂದ ಇಟ್ಟಿಗೆ ಮಾತ್ರ ಬೇಡ. ಒಂದು ರಾತ್ರಿ ನೆನೆಸಿ ನೋಡಿದರೆ ಕೆಸರಾಗುವುದು ಗೊತ್ತಾಗುತ್ತದೆ. ಕಟ್ಟಡದ ಸಣ್ಣ ಜಲ್ಲಿ ನಡೆಯುತ್ತದೆ, ಸಿಮೆಂಟು ತಾಗಿರಬಾರದು. ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ನಾರು, ಹೊಸದು ಮತ್ತು ಸೋಪು ಮುಟ್ಟದ್ದು, ಸೊಗಸಾದ ಮಾಧ್ಯಮ. ಯಾವ ಕಲ್ಲನ್ನೇ ಆಗಲಿ ಹಾಕುವ ಮುಂಚೆ ನಿಂಬೆರಸದ ಎರಡು ತೊಟ್ಟು ಬಿಟ್ಟು ನೋಡಿ. ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆ. ಅಮೃತಶಿಲೆಯ ಚೂರು, ಕಪ್ಪೆಚಿಪ್ಪು ಹೀಗೆ ಮಾಡುತ್ತವೆ, ನೀರನ್ನು ಗಡಸು ಮಾಡುತ್ತವೆ.

ಪ್ಲಾಸ್ಟಿಕ್ಕಿನ ಸಣ್ಣ ಚಕ್ರಗಳು ನೀರಿನಲ್ಲಿ ಕುದಿಯುವಂತೆ ಉರುಳಾಡುವ ಪದ್ಧತಿ 1980ರ ದಶಕದ ಕೊನೆಯಲ್ಲಿ ನಾರ್ವೆಯಲ್ಲಿ ರೂಪುಗೊಂಡಿತು. ಲೀಟರಿಗೆ ಅರ್ಧ ಚದರ ಮೀಟರು. ಪೊಟ್ಟಣಗಳ ಅಂಕಿಯ ಮುಂದೆ ಇದು ಬಡಪಾಯಿ. ಆದರೆ ಆ ಅರ್ಧ ಮೀಟರಿನ ಮೇಲೆಲ್ಲ ನೀರು ಹರಿಯುವುದರಿಂದ ಊರಿನ ಕೊಳಚೆಯನ್ನು ಶುದ್ಧಿ ಮಾಡಲು ಎಂಜಿನಿಯರುಗಳು ಇದನ್ನು ನಂಬುತ್ತಾರೆ. ಎರಡಡಿ ತೊಟ್ಟಿಗೆ ಇದು ಅನಗತ್ಯ, ಸದ್ದೂ ಹೆಚ್ಚು. ಇದ್ದಿಲು ಮತ್ತು ಜಿಯೊಲೈಟ್ ಹೀರಿಕೊಳ್ಳುವ ಪದಾರ್ಥಗಳು. ಅವುಗಳ ಹೊಟ್ಟೆ ತುಂಬಿದ ಮೇಲೆ ಬದಲಿಸಬೇಕು. ಅವುಗಳ ಚರ್ಚೆ ಇಲ್ಲಿ ಬೇಡ.

ಮನೆ ಕಟ್ಟಿದ್ದಾಯಿತು, ಒಕ್ಕಲನ್ನು ಉಳಿಸಿಕೊಳ್ಳುವುದು ಹೇಗೆ? ನಮ್ಮ ಬಡಾವಣೆಗಳ ನಲ್ಲಿಗೆ ಬರುವ ಕಾವೇರಿ ನೀರಿಗೆ ಕ್ಲೋರಿನ್ ಸೇರಿಸಿರುತ್ತಾರೆ. ನಮ್ಮ ಹೊಟ್ಟೆಗೆ ಅದು ರಕ್ಷಣೆ, ಸೋಸುಕಕ್ಕೆ ಮರಣ. ಸ್ಪಂಜು ಕೊಳೆಯಾಯಿತೆಂದು ಭಾನುವಾರ ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ಹಿಂಡುವವರು ಶ್ಲೋಸಿಂಗ್ ಕ್ಲೋರೋಫಾರಮಿನಿಂದ ಮಾಡಿದ್ದನ್ನೇ ಮಾಡುತ್ತಾರೆ. ಬುಧವಾರ ಮೀನು ಸತ್ತರೆ ಅಂಗಡಿಯವನನ್ನು ಬೈಯುತ್ತಾರೆ. ತೊಟ್ಟಿಯಿಂದ ತೆಗೆದ ಹಳೆಯ ನೀರನ್ನು ಬಕೆಟ್ಟಿಗೆ ಹಿಡಿದು, ಅದರಲ್ಲಿ ಎರಡು ಸಲ ಅದ್ದಿ ಹಿಂಡಿದರೆ ಸಾಕು. ಕಂದು ಬಣ್ಣ ಉಳಿಯಲಿ. ಹೊಸ ನೀರನ್ನು ತೆರೆದ ಬಕೆಟ್ಟಿನಲ್ಲಿ ಒಂದು ದಿನ ಗಾಳಿಗುಳ್ಳೆ ಬಿಟ್ಟು ಇಟ್ಟು ಹಾಕಿ. ಮನೆಯ ಸಂಪಿಗೆ ಬ್ಲೀಚಿಂಗ್ ಪುಡಿ ಹಾಕಿದ ವಾರ ತೊಟ್ಟಿಯ ನೀರು ಬದಲಿಸಲೇಬೇಡಿ. ತಾಮ್ರವಿರುವ ಔಷಧಿಗಳೂ ಜೀವಿನಿರೋಧಕಗಳೂ ಈ ಬ್ಯಾಕ್ಟೀರಿಯಗಳಿಗೆ ಪೆಟ್ಟು ಕೊಡುತ್ತವೆ. ರೋಗಿ ಮೀನಿಗೆ ಬೇರೆ ಪಾತ್ರೆಯಲ್ಲಿ ಚಿಕಿತ್ಸೆ ಮಾಡಿ.

ಮಳೆ ನೀರು ಸಂಗ್ರಹಿಸುವ ಮನೆಗಳು ಈಗ ಹೆಚ್ಚಿವೆ. ಮಳೆ ನೀರಿನಲ್ಲಿ, ಆರ್‌ಓ ಯಂತ್ರದ ನೀರಿನಲ್ಲಿ ಬೈಕಾರ್ಬೊನೇಟು ಇರುವುದಿಲ್ಲವೆಂದೇ ಹೇಳಬಹುದು. ಒಂದು ಗ್ರಾಂ ಅಮೋನಿಯ-ಸಾರಜನಕ ನೈಟ್ರೇಟಾಗುವಾಗ ಏಳು ಗ್ರಾಮಿಗೂ ಮಿಕ್ಕಿ ಸುಣ್ಣಕಲ್ಲಿಗೆ ಸಮನಾದ ಕ್ಷಾರೀಯತೆ ಖರ್ಚಾಗುತ್ತದೆ. ಬರೀ ಮಳೆ ನೀರಿನ ತೊಟ್ಟಿಯಲ್ಲಿ ಪಿಎಚ್ ಕುಸಿದು ಬ್ಯಾಕ್ಟೀರಿಯ ಮುಷ್ಕರ ಹೂಡುತ್ತವೆ. ಅಲ್ಲಿ ಆಗಲೇ ಬೇಡವೆಂದ ಅಮೃತಶಿಲೆಯ ಒಂದು ಹಿಡಿ ಚೂರು ಉಪಕಾರಿ. ಕೊಳವೆಬಾವಿಯ ನೀರಿಗೆ ಈ ಚಿಂತೆಯಿಲ್ಲ. ಆದರೆ ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳಲ್ಲಿ ಕುಡಿಯುವ ನೀರಿಗೆ ಗೊತ್ತುಪಡಿಸಿದ ಲೀಟರಿಗೆ 45 ಮಿಲಿಗ್ರಾಮಿನ ಮಿತಿಯನ್ನು ದಾಟಿದ ನೈಟ್ರೇಟು ಕಂಡುಬಂದಿದೆ. ಅಂಥ ನೀರನ್ನು ತುಂಬಿ ನೈಟ್ರೇಟು ಇಳಿಸುತ್ತೇನೆಂದರೆ ಆಗದು.

ಕರೆಂಟು ಹೋದಾಗ? ಒಂದು ಗ್ರಾಂ ಅಮೋನಿಯ-ಸಾರಜನಕಕ್ಕೆ 4.57 ಗ್ರಾಂ ಆಮ್ಲಜನಕ ಬೇಕು. ನಮ್ಮ 30 ಮಿಲಿಗ್ರಾಮಿಗೆ ದಿನಕ್ಕೆ 137, ಗಂಟೆಗೆ ಸುಮಾರು 6 ಮಿಲಿಗ್ರಾಂ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರು ಮೇಲಿರುವುದರಿಂದ ಇಲ್ಲಿನ ನೀರು ಮಂಗಳೂರಿನದಕ್ಕಿಂತ ಹತ್ತನೆಯ ಒಂದು ಭಾಗ ಕಡಿಮೆ ಆಮ್ಲಜನಕ ಹಿಡಿಯುತ್ತದೆ: ಲೀಟರಿಗೆ ಏಳು ಮಿಲಿಗ್ರಾಂ ಚಿಲ್ಲರೆ. ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿ ಸೋಸುಕದಲ್ಲಿ ಒಂದೆರಡು ಲೀಟರು ನೀರಿದ್ದರೆ ಎಷ್ಟು ಹೊತ್ತಿಗೆ ಉಸಿರು ಕಟ್ಟೀತು, ನೀವೇ ಭಾಗಿಸಿ ನೋಡಿ. ಕರೆಂಟು ಎರಡು ಗಂಟೆಗೂ ಬರದಿದ್ದರೆ ಡಬ್ಬಿ ಬಿಚ್ಚಿ ಮಾಧ್ಯಮವನ್ನು ತೊಟ್ಟಿಯ ನೀರಿಗೇ ಹಾಕಿಡಿ. ಡಬ್ಬಿಯಲ್ಲಿ ಕೊಳೆತ ನೀರನ್ನು ಚೆಲ್ಲಿ. ತೊಟ್ಟಿಯೊಳಗೇ ಇರುವ ಸ್ಪಂಜಿಗೆ ಈ ಅಪಾಯ ಕಡಿಮೆ.

ಹೊಸ ತೊಟ್ಟಿಗೆ ಒಕ್ಕಲು ತುಂಬಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಕ್ಕಿಂತ, ರೋಗವಿಲ್ಲದ ಹಳೆಯ ತೊಟ್ಟಿಯಿಂದ ಗೆಳೆಯರು ಕೊಡುವ ಒಂದು ತುಂಡು ಕೊಳೆಯ ಸ್ಪಂಜನ್ನು ನಾನು ಹೆಚ್ಚು ನಂಬುತ್ತೇನೆ. ತರುವಾಗ ಒಣಗಿಸಬೇಡಿ.

ನಂಬಿಕೆ ಏಕೆ, ಅಳೆದೇ ನೋಡಬಹುದು. ಕ್ಲೋರಿನ್ ಹೋದ ನೀರು ತುಂಬಿದ ಎರಡು ಬಕೆಟ್ಟುಗಳಲ್ಲಿ ಮೀನಿಲ್ಲದೆ ಗಾಳಿಗುಳ್ಳೆ ಬಿಡಿ. ಒಂದರಲ್ಲಿ ಹೊಸ ಸ್ಪಂಜು, ಇನ್ನೊಂದರಲ್ಲಿ ಅದೇ ಅಳತೆಯ ಹಳೆಯ ಸ್ಪಂಜು. ಎರಡಕ್ಕೂ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪರೀಕ್ಷಾ ಪೆಟ್ಟಿಗೆಯಿಂದ ಎರಡು ದಿನಕ್ಕೊಮ್ಮೆ ಅಮೋನಿಯ, ನೈಟ್ರೈಟು, ನೈಟ್ರೇಟುಗಳನ್ನು ಅಳೆದು, ಗ್ರಾಫ್ ಹಾಳೆಯ ಮೇಲೆ ಮೂರು ಬಣ್ಣದ ಗೆರೆಗಳಲ್ಲಿ ಗುರುತಿಸಿ. ಹೊಸ ಸ್ಪಂಜಿನ ಬಕೆಟ್ಟಿನಲ್ಲಿ ಅಮೋನಿಯದ ಗೆರೆ ಮೊದಲು ಏರುತ್ತದೆ. ಅದು ಇಳಿಯತೊಡಗುವಾಗ ನೈಟ್ರೈಟಿನ ಗೆರೆ ತಲೆಯೆತ್ತುತ್ತದೆ. ಅದೂ ಬಾಗಿದ ಮೇಲೆ ನೈಟ್ರೇಟು ಒಂದೇ ಸಮನೆ ಮೇಲೇರುತ್ತದೆ. ಮೊದಲೆರಡು ಗೆರೆಗಳೂ ಸೊನ್ನೆಗೆ ಬಂದು ಒಂದು ವಾರ ಹಾಗೆಯೇ ನಿಂತರೆ, ಆ ಸ್ಪಂಜನ್ನು ತೊಟ್ಟಿಗೆ ಹಾಕಿ ಮೊದಲ ಎರಡು ಮೀನುಗಳನ್ನು ತನ್ನಿ.